ಅಡುಗೆಮನೆಯ ನವೀಕರಣ: ಒಲೆಯ ಬಳಿ ವಿದ್ಯುತ್ ಸಾಕೆಟ್ ಎಲ್ಲಿರಬೇಕು?

ಮುಂಬಯಿಯ ಉಪನಗರವಾದ ಅಂಧೇರಿಯಲ್ಲಿ ಹಲವು ದಶಕಗಳ ಹಿಂದೆ ಕಟ್ಟಿದ ವಸತಿ ಕಟ್ಟಡಗಳು ಅನೇಕ ಇವೆ. ಅಂದಿನ ಅಡುಗೆಮನೆಗೆ ಒಂದು ದೀಪ, ಮಿಕ್ಸರಿಗೊಂದು ಸಾಕೆಟ್ ಇದ್ದರೆ ಸಾಕಾಗುತ್ತಿತ್ತು. ಇಂದು ಅದೇ ಇಕ್ಕಟ್ಟಾದ ಕೋಣೆಯಲ್ಲಿ ಫ್ರಿಜ್, ನೀರು ಶುದ್ಧೀಕರಿಸುವ ಯಂತ್ರ, ಮೈಕ್ರೋವೇವ್, ಇಂಡಕ್ಷನ್ ಒಲೆಗಳು ಸೇರಿಕೊಂಡಿವೆ. ನವೀಕರಣದ ವೇಳೆ ಟೈಲ್ಸ್ ಮತ್ತು ಕಪಾಟುಗಳ ಆಯ್ಕೆಗೆ ವಾರಗಟ್ಟಲೆ ಓಡಾಡುವವರು ಸಾಕೆಟ್‌ಗಳ ವಿಷಯವನ್ನು ಕೊನೆಯ ದಿನಕ್ಕೆ ಬಿಡುವುದುಂಟು. ಆಗ ಉಳಿದಿರುವ ಜಾಗ ಒಲೆಯ ಹಿಂದಿನ ಗೋಡೆಯೊಂದೇ ಆಗಿದ್ದರೆ, ಅಪಾಯವು ಅಲ್ಲಿಯೇ ಆರಂಭವಾಗುತ್ತದೆ.

ಒಲೆಯ ಹಿಂದೆ ಏಕೆ ಕೂಡದು?

ಮನೆಯ ತಂತಿಗಳ ಸಾಮಾನ್ಯ ಪಿ.ವಿ.ಸಿ. ಹೊದಿಕೆಯು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖಕ್ಕೆ ಮಾತ್ರ ತಕ್ಕುದು. ಅದನ್ನು ಮೀರಿದ ಶಾಖ ದಿನವೂ ತಗುಲಿದರೆ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಒಗ್ಗರಣೆಯ ಎಣ್ಣೆ, ಕುಕ್ಕರಿನ ಹಬೆ ಸಾಕೆಟಿನ ರಂಧ್ರಗಳನ್ನು ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಣಲೆಗೆ ಬೆಂಕಿ ಹತ್ತಿದಾಗ ಸ್ವಿಚ್ ಆರಿಸಲು ಉರಿಯ ಮೇಲೆಯೇ ಕೈ ಚಾಚಬೇಕಾಗುತ್ತದೆ. ಆದುದರಿಂದ ಸಾಕೆಟ್ಟನ್ನು ಒಲೆಯ ಅಂಚಿನಿಂದ ಪಕ್ಕಕ್ಕೆ ಕನಿಷ್ಠ ಒಂದು ಅಡಿಯಾದರೂ ದೂರವಿರಿಸುವುದು ಒಳ್ಳೆಯದು. ಸಿಂಕ್ ಮತ್ತು ನಲ್ಲಿಗಳಿಂದ ಇನ್ನೂ ಹೆಚ್ಚು ದೂರವಿರಲಿ.

ಅನಿಲದ ಸ್ವಭಾವ

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇರಿಸುವ ಕಪಾಟಿನೊಳಗೆ ಸಾಕೆಟ್ ಇಡಕೂಡದು ಎಂಬುದಕ್ಕೆ ಇದೇ ಕಾರಣ. 1995ರಲ್ಲಿ ಸ್ಥಾಪನೆಯಾದ ಮಹಾನಗರ ಗ್ಯಾಸ್ ಲಿಮಿಟೆಡ್ ಮುಂಬಯಿಯ ಮನೆಗಳಿಗೆ ಕೊಳವೆಯ ಮೂಲಕ ಒದಗಿಸುವ ನೈಸರ್ಗಿಕ ಅನಿಲವು ಗಾಳಿಗಿಂತ ಹಗುರವಾಗಿದ್ದು ಮೇಲಕ್ಕೇರುತ್ತದೆ. ಅನಿಲ ಯಾವುದೇ ಇರಲಿ, ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಸಣ್ಣ ಕಿಡಿಯೊಂದೇ ಸಾಕು. ಅನಿಲವನ್ನು ಬಂದ್ ಮಾಡಿ, ಕಿಟಕಿ ಬಾಗಿಲುಗಳನ್ನು ತೆರೆದು, ಎಲ್ಲರೂ ಹೊರಗೆ ಬರಬೇಕು. ಗ್ಯಾಸ್ ಕೊಳವೆಯನ್ನು ಸ್ಥಳಾಂತರಿಸುವ ಕೆಲಸವನ್ನು ಅಧಿಕೃತ ಸಿಬ್ಬಂದಿಗೇ ಬಿಡಬೇಕು.

ಹೊರೆಯ ಲೆಕ್ಕ

ಉಪಕರಣದ ಮೇಲೆ ನಮೂದಿಸಿದ ವ್ಯಾಟ್ ಸಂಖ್ಯೆಯನ್ನು 230 ವೋಲ್ಟ್‌ಗಳಿಂದ ಭಾಗಿಸಿದರೆ ಅದು ಸೆಳೆಯುವ ವಿದ್ಯುತ್ ಸುಮಾರಾಗಿ ಎಷ್ಟು ಆಂಪಿಯರ್ ಎಂಬುದು ತಿಳಿಯುತ್ತದೆ. 2000 ವ್ಯಾಟ್ ಇಂಡಕ್ಷನ್ ಒಲೆಗೆ ಸುಮಾರು 8.7 ಆಂಪಿಯರ್ ಬೇಕು. ಇದಕ್ಕೆ 6 ಆಂಪಿಯರ್ ಸಾಕೆಟ್ ಸಾಲದು. 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ದಪ್ಪದ ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ. ಇರಬೇಕು. ಹಳೆಯ ತೆಳು ತಂತಿಗೆ ಹೊಸ ಸಾಕೆಟ್ ಜೋಡಿಸಿದರೆ ಹೊರಗೆ ಹೊಸತನ ಕಂಡರೂ ಗೋಡೆಯೊಳಗಿನ ತಂತಿ ಕಾಯುತ್ತಲೇ ಇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇಂತಹ ಒಲೆಯನ್ನು ನಡೆಸುವುದು ಸಲ್ಲದು.

ಎರಡು ಬಗೆಯ ರಕ್ಷಣೆ

ಎಂ.ಸಿ.ಬಿ.ಯು ತಂತಿಯನ್ನು ಅತಿಹೊರೆಯಿಂದ ಕಾಪಾಡುತ್ತದೆ. ವಿದ್ಯುತ್ ಆಘಾತದಿಂದ ಮನುಷ್ಯನನ್ನು ಕಾಪಾಡಲು ಅದೊಂದೇ ಸಾಲದು. ಅದಕ್ಕಾಗಿ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸಬೇಕು. ಅದರ ಪರೀಕ್ಷಾ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡಬೇಕು. ಒದ್ದೆ ಕೈ, ಒದ್ದೆ ನೆಲ ಇರುವ ಅಡುಗೆಮನೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಗೋಡೆಗಳು ನೀರು ಹೀರುವ ಮುಂಬಯಿಯಲ್ಲಿ, ಇದು ಅತ್ಯವಶ್ಯಕ. ಮೂರನೆಯ ಪಿನ್ನಿಗೆ ನಿಜವಾದ ಅರ್ಥಿಂಗ್ ಇದೆಯೆಂಬುದನ್ನು ಪರೀಕ್ಷಿಸಿಯೇ ಖಚಿತಪಡಿಸಿಕೊಳ್ಳಬೇಕು.

ಟೈಲ್ಸ್ ಅಂಟಿಸುವ ಮುನ್ನ

1. ಒಲೆ, ಸಿಂಕ್ ಮತ್ತು ಪ್ರತಿಯೊಂದು ಉಪಕರಣದ ಸ್ಥಾನವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿರಿ.

2. ತಂತಿಯ ಕೊಳವೆಗಳು ಸಾಕೆಟಿನಿಂದ ನೇರವಾಗಿ ಮೇಲಕ್ಕೋ ಅಡ್ಡಲಾಗಿಯೋ ಸಾಗಲಿ. ಓರೆಯಾಗಿ ಹೋದ ತಂತಿಗೆ ಮುಂದೆ ಕಪಾಟು ಕೂರಿಸುವಾಗ ಡ್ರಿಲ್ ತಗಲಬಹುದು.

3. ಗೋಡೆ ಮುಚ್ಚುವ ಮೊದಲು ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆದಿರಿಸಿರಿ.

4. ಐ.ಎಸ್.ಐ. ಗುರುತುಳ್ಳ ತಂತಿ, ಸಾಕೆಟ್‌ಗಳನ್ನೇ ಕೊಳ್ಳಿರಿ.

5. ವೈರಿಂಗ್ ಮಾರ್ಪಾಡನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳೂ ಇದನ್ನೇ ವಿಧಿಸುತ್ತವೆ.

ಟೈಲ್ಸ್ ಕೂತ ಮೇಲೆ ಸಾಕೆಟ್ ಸರಿಸಬೇಕಾದರೆ ಮತ್ತೆ ಗೋಡೆ ಒಡೆಯಬೇಕು. ಆ ಖರ್ಚಿಗೆ ಅಂಜಿ ಅನೇಕರು ಒಲೆಯ ಹಿಂದಿನ ಸಾಕೆಟ್ಟಿನೊಡನೆಯೇ ವರ್ಷಗಟ್ಟಲೆ ಬಾಳುತ್ತಾರೆ. ಮೊದಲ ದಿನ ಸೀಮೆಸುಣ್ಣ ಹಿಡಿದು ಅರ್ಧ ಗಂಟೆ ಯೋಚಿಸಿದರೆ ಆ ಅಪಾಯವನ್ನು ಮನೆಯಿಂದ ದೂರವಿಡಬಹುದು.