ಅಳತೆಯೂ ಆರೋಗ್ಯವೂ

ಸ್ತ್ರೀಯರು ಕೊಳ್ಳುವ ವಸ್ತುಗಳ ಮೇಲಿನ ಬರಹ ಎಷ್ಟು ಬೆಲೆಯುಳ್ಳದ್ದೆಂಬದನ್ನು ಅಮೆರಿಕಾ ದೇಶದ ಒಂದು ಸಂಗತಿಯಿಂದ ತಿಳಿಯಬಹುದು. ಋತುಸ್ರಾವವನ್ನು ಶರೀರದೊಳಗೇ ಹೀರಿಕೊಳ್ಳುವ ಟ್ಯಾಂಪನ್ ಎಂಬ ಬತ್ತಿಯನ್ನು ಉಪಯೋಗಿಸುತ್ತಿದ್ದ ಅನೇಕ ಯುವತಿಯರು 1980ರಲ್ಲಿ ಅಲ್ಲಿ ಹಠಾತ್ತಾಗಿ ಜ್ವರ, ವಾಂತಿ, ಮೂರ್ಛೆಗಳಿಗೆ ಗುರಿಯಾದರು, ಕೆಲವರು ಮೃತರಾದರು. ಒಂದು ರೋಗಾಣುವಿನ ವಿಷವೇ ಇದಕ್ಕೆ ಕಾರಣವೆಂದೂ, ಬತ್ತಿ ಹೆಚ್ಚು ಹೀರಿದಷ್ಟು ಅಪಾಯ ಹೆಚ್ಚೆಂದೂ ವೈದ್ಯರು ಕಂಡುಕೊಂಡರು. ಆದುದರಿಂದ ಅವಶ್ಯವಿದ್ದಷ್ಟೇ ಹೀರುವದನ್ನು ಆರಿಸಿಕೊಳ್ಳಿರೆಂದು ಬುದ್ಧಿ ಹೇಳಿದರು.

ಆದರೆ ಆರಿಸುವದು ಹೇಗೆ? ‘ರೆಗ್ಯುಲರ್’, ‘ಸೂಪರ್’ ಎಂಬ ಹೆಸರುಗಳಿಗೆ ಒಬ್ಬೊಬ್ಬ ತಯಾರಕನದು ಒಂದೊಂದು ಅರ್ಥವಾಗಿತ್ತು. ಬಾಸ್ಟನ್ ನಗರದ ಎಸ್ತರ್ ರೋಮ್ ಮೊದಲಾದ ಸ್ತ್ರೀಯರು ಹಲವು ವರುಷ ಬಿಡದೆ ವಾದಿಸಿದರು. 1989ರಲ್ಲಿ ಸರಕಾರವು ನಿಯಮ ಮಾಡಿತು: 6ರಿಂದ 9 ಗ್ರಾಮ್ ಹೀರುವದು ‘ರೆಗ್ಯುಲರ್’, 9ರಿಂದ 12 ಗ್ರಾಮ್ ಹೀರುವದು ‘ಸೂಪರ್’. ಅಂದಿನಿಂದ ವೈದ್ಯರ ಬುದ್ಧಿಮಾತು ಸ್ತ್ರೀಯರ ಕೈಗೆಟುಕುವ ಸಾಧನವಾಯಿತು.

ತಾಯಂದಿರೇ, ಹಳೇ ವಿದ್ಯಾರ್ಥಿನಿಯರೇ, ಇಂಥ ವಸ್ತುಗಳನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕೊಡುವಾಗ ಮೇಲಿನ ಬರಹವನ್ನು ಅವರೊಂದಿಗೆ ಕೂತು ಓದಿರಿ. ಟ್ಯಾಂಪನನ್ನು 8 ತಾಸಿಗಿಂತ ಹೆಚ್ಚು ಇಡಬಾರದೆಂದು ತಿಳಿಸಿರಿ. ತಿಳಿಯದ್ದನ್ನು ಕೇಳಲು ನಾಚಬಾರದೆಂಬದನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ. ನೀವು ಮನೆಯಲ್ಲಿ ಕಲಿಸಿರಿ. ಆ ಸ್ತ್ರೀಯರು ನಾಚಿ ಸುಮ್ಮನಿದ್ದಿದ್ದರೆ ಆ ಅಳತೆಗಾಗಿ ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ!