ಬರೀ ಓದಿ ಕಲಿತ ಯಂತ್ರದ ಜೊತೆ ಕೆಲಸ: ಕೆಲವು ಅನುಭವದ ಪಾಠಗಳು

1. ಕೆಲಸ ಸಣ್ಣದೆಂದು ಕಲಿಕೆಯನ್ನೂ ಸಣ್ಣದೆನ್ನಬೇಡಿ.
ತರಬೇತಿಯಲ್ಲಿ ಭಾಷಾ ಮಾದರಿಗೆ ಒಪ್ಪಿಸುವ ಕೆಲಸ ಒಂದೇ: ಇಲ್ಲಿಯವರೆಗಿನ ಪಠ್ಯ ನೋಡಿ ಮುಂದೇನು ಬಂದೀತು ಹೇಳು. ತಪ್ಪಿದಾಗಲೆಲ್ಲ ಒಳಗಿನ ಕೋಟ್ಯಂತರ ಅಂಕಿಗಳನ್ನು ಚೂರುಚೂರೇ ತಿದ್ದುತ್ತೇವೆ. "ಹಂಡೆಯ ನೀರು ಕುದಿಯುತ್ತಿತ್ತು, ಮಗು ಕೈ ಅದ್ದಿ..." ಎಂಬಲ್ಲಿ ವ್ಯಾಕರಣಕ್ಕೆ "ನಕ್ಕಿತು" ಎಂದರೂ ಸರಿ, "ಚೀರಿತು" ಎಂದರೂ ಸರಿ. ಎರಡನೆಯದನ್ನು ಆರಿಸಲು ಬಿಸಿ, ಚರ್ಮ, ನೋವುಗಳ ನಂಟು ಹೇಗೋ ಒಳಗೆ ದಾಖಲಾಗಿರಬೇಕು. ಬರಹದ ಹಿಂದಿನ ಲೋಕವನ್ನು ಒಂದಿಷ್ಟಾದರೂ ಹಿಡಿಯದೆ ಊಹೆ ಸುಧಾರಿಸುವುದಿಲ್ಲ.

2. ಹೇಳಿಕೊಡದ್ದನ್ನೂ ಒಳಗೆ ಹುಡುಕಿ.
2017ರಲ್ಲಿ ಓಪನ್‌ಎಐ ಸಂಶೋಧಕರು ಅಮೆಜಾನ್‌ನ 8.2 ಕೋಟಿ ಗ್ರಾಹಕ ವಿಮರ್ಶೆಗಳನ್ನು ಓದಿಸಿ, ಮುಂದಿನ ಅಕ್ಷರ ಊಹಿಸುವ ಮಾದರಿಯೊಂದನ್ನು ಸಿದ್ಧಪಡಿಸಿದರು. ಇದು ಹೊಗಳಿಕೆ, ಇದು ತೆಗಳಿಕೆ ಎಂದು ಯಾರೂ ಗುರುತು ಹಾಕಿರಲಿಲ್ಲ. ಆದರೂ ಬರೆದವರ ಮೆಚ್ಚುಗೆ, ಬೇಸರಗಳನ್ನು ಒಳಗಿನ ಒಂದೇ ಘಟಕ ಬಹುಮಟ್ಟಿಗೆ ಹಿಡಿದಿಟ್ಟಿತ್ತು.

3. ಗಟ್ಟಿ ಸಾಕ್ಷ್ಯ ಬೇಕಿದ್ದರೆ ಒಥೆಲೊ ಆಟದ ಪ್ರಯೋಗ ಓದಿ.
ಎದುರಾಳಿಯ ಬಿಲ್ಲೆಗಳನ್ನು ನಡುವೆ ಸಿಕ್ಕಿಸಿ ತನ್ನ ಬಣ್ಣಕ್ಕೆ ತಿರುಗಿಸುವ, 64 ಮನೆಗಳ ಆಟ ಅದು. ಕೆನೆತ್ ಲಿ ಮತ್ತು ಸಂಗಡಿಗರು 2022ರಲ್ಲಿ ಒಂದು ಮಾದರಿಗೆ ನಡೆಗಳ ಪಟ್ಟಿಯನ್ನಷ್ಟೇ ಓದಿಸಿದರು. ಹಲಗೆಯೊಂದಿದೆ, ಎರಡು ಬಣ್ಣಗಳಿವೆ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಮಾದರಿ ನಿಯಮ ತಪ್ಪದ ನಡೆಗಳನ್ನು ಹೇಳತೊಡಗಿತು. ಬಾಯಿಪಾಠ ಇರಬಹುದೇ? ಒಳಗಿನ ಅಂಕಿಗಳನ್ನು ಬಗೆದು ನೋಡಿದರೆ, ಯಾವ ಮನೆಯಲ್ಲಿ ಯಾವ ಬಿಲ್ಲೆ ಎಂಬ ಚಿತ್ರ ಅಲ್ಲಿತ್ತು. ನನ್ನನ್ನು ಒಪ್ಪಿಸಿದ್ದು ಅದರ ಮುಂದಿನ ಹೆಜ್ಜೆ. ಆ ಒಳಚಿತ್ರದಲ್ಲಿ ಬಿಲ್ಲೆಯೊಂದರ ಬಣ್ಣ ಬದಲಿಸಿದಾಗ ಮಾದರಿ ಬದಲಾದ ಹಲಗೆಗೆ ತಕ್ಕ ನಡೆಗಳನ್ನೇ ಹೇಳಿತು! ಚಿತ್ರ ಅಲ್ಲಿ ಸುಮ್ಮನೆ ಬಿದ್ದಿರಲಿಲ್ಲ, ಬಳಕೆಯಾಗುತ್ತಿತ್ತು. ಮಾದರಿ ಬಿಲ್ಲೆಗಳ ಲೆಕ್ಕವಿಡುವುದು ಕಪ್ಪು, ಬಿಳಿ ಎಂದಲ್ಲ, ಆಡುವವರದು, ಎದುರಾಳಿಯದು ಎಂದು. ಇದನ್ನು 2023ರಲ್ಲಿ ಸಂಶೋಧಕ ನೀಲ್ ನಂದಾ ತೋರಿಸಿದರು. ಮನುಷ್ಯರು ಹೆಸರಿಟ್ಟ ಕ್ರಮದಲ್ಲೇ ಯಂತ್ರವೂ ಕಲಿತಿರಬೇಕೆಂದು ಹುಡುಕಿದರೆ ಇಂಥದ್ದು ಕಣ್ತಪ್ಪುತ್ತದೆ.

4. ಪ್ರಶ್ನೆಯನ್ನು ತಿರುಗಿಸಿ ಕೇಳಿ.
ಟಾಮ್ ಕ್ರೂಸ್ ತಾಯಿ ಯಾರು ಎಂದರೆ ಮೇರಿ ಲೀ ಫೈಫರ್ ಎಂದು ಸರಿಯಾಗಿ ಹೇಳಿದ ಜಿಪಿಟಿ-4 ಮಾದರಿ, ಮೇರಿ ಲೀ ಫೈಫರ್ ಮಗ ಯಾರು ಎಂದಾಗ ತಡವರಿಸಿತು. 2023ರ ಅಧ್ಯಯನವೊಂದರಲ್ಲಿ ದಾಖಲಾದ ಸಂಗತಿ ಇದು. ಓದಿದ್ದು ಯಾವ ದಿಕ್ಕಿನಲ್ಲಿತ್ತೋ ನೆನಪೂ ಆ ದಿಕ್ಕಿಗೇ ಅಂಟಿಕೊಂಡಿರುತ್ತದೆ. ನಿರರ್ಗಳ ಉತ್ತರ ಬಂತೆಂದು ಪರೀಕ್ಷೆ ನಿಲ್ಲಿಸಬಾರದು. ಹೆಸರು ಬದಲಿಸಿ, ಅಂಕಿ ಬದಲಿಸಿ, ಎಲ್ಲೂ ಅಚ್ಚಾಗಿರದ ಹೊಸ ಪ್ರಶ್ನೆ ಮಾಡಿ.

5. ಆಕ್ಷೇಪಕ್ಕೆ ಕಿವಿಗೊಡಿ.
ಅಕ್ಷರರೂಪ ಮಾತ್ರದಿಂದ ಅರ್ಥ ದಕ್ಕದು ಎಂದು ಭಾಷಾ ಸಂಶೋಧಕರಾದ ಎಮಿಲಿ ಬೆಂಡರ್ ಮತ್ತು ಅಲೆಕ್ಸಾಂಡರ್ ಕೊಲರ್ 2020ರಲ್ಲಿ ವಾದಿಸಿದರು. ಒಥೆಲೊ ಪ್ರಯೋಗದ ನಂತರ ನಾನು ಅದನ್ನು ಪೂರ್ತಿ ಒಪ್ಪಲಾರೆ. ಆದರೆ ಯಾರೂ ಬರೆದಿಡದ್ದನ್ನು ಮಾದರಿ ಎಲ್ಲಿಂದ ತಂದೀತು ಎಂಬ ಪ್ರಶ್ನೆ ಉಳಿದೇ ಇದೆ.

6. ಕನ್ನಡದಲ್ಲಿ ಈ ಪ್ರಶ್ನೆ ಇನ್ನೂ ಬಿರುಸು.
ಜಿಪಿಟಿ-3 ಓದಿದ ಪದಗಳಲ್ಲಿ ಸುಮಾರು ಶೇ. 93 ಇಂಗ್ಲಿಷಿನವು. ಮೇಲಾಗಿ ಗಣಕದಲ್ಲಿ ಅಕ್ಷರಗಳನ್ನಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ನಮ್ಮ "ಸ್ತ್ರೀ" ಒಂದಕ್ಕೇ 18 ಬೇಕು. ಮಾದರಿ ಪಠ್ಯವನ್ನು ಓದುವುದು ಟೋಕನ್ ಎಂಬ ತುಣುಕುಗಳಾಗಿ. ಇಂಗ್ಲಿಷಿಗಾಗಿ ರೂಪಿಸಿದ ಟೋಕನ್ ಪಟ್ಟಿ ಕನ್ನಡ ಪದಗಳನ್ನು ಪುಡಿಪುಡಿ ಮಾಡುತ್ತದೆ. ಅಂತರ್ಜಾಲದಲ್ಲಿರುವ ಕನ್ನಡದಲ್ಲಿ ಸುದ್ದಿ, ಸಿನಿಮಾ ಧಾರಾಳ. ಕುಂದಾಪುರದ ಮೀನು ಮಾರುಕಟ್ಟೆಯ ಮಾತು, ಧಾರವಾಡದ ಸಂತೆಯ ಮಾತು ವಿರಳ. ಹೀಗಾಗಿ ಒಂದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೇಳಿ ಉತ್ತರಗಳನ್ನು ಪಕ್ಕಪಕ್ಕ ಇಡುತ್ತೇನೆ. ವಿಜ್ಞಾನದ ಪ್ರಶ್ನೆಗಳಲ್ಲಿ ಅಂತರ ಕಡಿಮೆಯಾಗುತ್ತ ಬಂದಿದೆ. ಬೇಸಾಯ, ಅಡುಗೆ, ನೆಂಟಸ್ತಿಕೆಯ ವಿಷಯ ಬಂದಾಗ ಮಾತ್ರ ಉತ್ತರ ಇಂದಿಗೂ ತೆಳು. ಆ ಜಾಗಗಳನ್ನು ಗುರುತು ಹಾಕಿಕೊಂಡು ಮೊದಲು ಅಲ್ಲಿಗೆ ಬೇಕಾದ ಪಠ್ಯ ಕಲೆಹಾಕುತ್ತೇವೆ.