ನಾಡಪಡೆಯೂ ನಾಡವರೂ

ಕಂದಾಚಾರವೆಂದರೆ ಅರ್ಥವರಿಯದೆ ನಡೆಸಿಕೊಂಡು ಬಂದ ಹಳೆಯ ರೂಢಿಯೆಂದು ಇಂದಿನ ವಿದ್ಯಾರ್ಥಿಗಳು ಬಲ್ಲರು. ಆದರೆ ಹಳೆಯ ಮೈಸೂರಿನ ಆಡಳಿತದಲ್ಲಿ ಆ ಶಬ್ದಕ್ಕೆ ಬೇರೊಂದು ಅರ್ಥವಿದ್ದಿತು. ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದು, ಕರೆ ಬಂದಾಗ ಆಯುಧ ಹಿಡಿದು ನಿಲ್ಲುತ್ತಿದ್ದ ನಾಡಪಡೆಗೂ ಅದನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೂ ಕಂದಾಚಾರವೆಂದೇ ಹೆಸರು. ಇಂದು ನಾವು ಮೀಸಲು ಪಡೆ ಎನ್ನುವುದರ ಪೂರ್ವರೂಪ ಇದೇ ಎನ್ನಬಹುದು.

1799ರ ಅನಂತರ ದಿವಾನ್ ಪೂರ್ಣಯ್ಯನವರು ಈ ವ್ಯವಸ್ಥೆಯನ್ನು ಉಳಿಸಿಕೊಂಡರು. ಸ್ವಂತ ಕುದುರೆಯೊಡನೆ ಸೇವೆಗೆ ಬರುತ್ತಿದ್ದ ಸಿಲ್ಲೇದಾರರ ಪಡೆಯಲ್ಲಿ, ಟಿಪ್ಪುವಿನ ಪತನದಿಂದ ಜೀವನೋಪಾಯ ಕಳೆದುಕೊಂಡಿದ್ದ ಸವಾರರಿಗೂ ಸ್ಥಾನ ದೊರೆಯಿತು. ನಿನ್ನೆ ಎದುರಾಳಿಯಾಗಿದ್ದವನನ್ನು ಇಂದು ಕಾವಲುಗಾರನನ್ನಾಗಿ ಮಾಡಿಕೊಂಡ ಈ ಕ್ರಮದಲ್ಲಿ ರಾಜನೀತಿಯೂ ಇದೆ, ಲೋಕಾನುಭವವೂ ಇದೆ. ನಮ್ಮ ಹುಣಸೂರು ಕೂಡ ಸೈನ್ಯಕ್ಕೆ ಅಪರಿಚಿತವಾದ ಊರಲ್ಲ. 19ನೆಯ ಶತಮಾನದಲ್ಲಿ ಅಲ್ಲಿ ಅಮೃತಮಹಲ್ ದನಗಳ ಸಾಕಣೆಯೂ ತೊಗಲು ಮತ್ತು ಕಂಬಳಿಯ ಕೆಲಸಗಳೂ ಸೈನ್ಯಕ್ಕಾಗಿ ನಡೆದವು. ತೊಗಲು ಹದಮಾಡುವವನೂ ಕಂಬಳಿ ನೇಯುವವನೂ ದನ ಕಾಯುವವನೂ ಇಲ್ಲದೆ ಯಾವ ದಂಡೂ ಹೊರಡಲಾರದು.

ಇದಕ್ಕೆ ವಿರುದ್ಧವಾದ ನೀತಿಯೊಂದು ಅನಂತರ ಬಲಗೊಂಡಿತು. 1857ರ ದಂಗೆಯ ಬಳಿಕ ಆಂಗ್ಲರು ಕೆಲವು ಜಾತಿ-ಪ್ರಾಂತಗಳವರು ಮಾತ್ರ ಹುಟ್ಟಾ ಯೋಧರೆಂದು ಎಣಿಸಿ, ಉಳಿದವರನ್ನು ಸೈನ್ಯದಿಂದ ದೂರವಿಡತೊಡಗಿದರು. ಮೀಸಲು ಪಡೆಗಳನ್ನು ರಚಿಸುವಾಗಲೂ ಭೇದ ತಪ್ಪಲಿಲ್ಲ. 1920ರಲ್ಲಿ ಯೂರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್ ಎಂದೂ ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್ ಎಂದೂ ಎರಡು ಪ್ರತ್ಯೇಕ ಪಡೆಗಳಾದವು. ಒಂದೇ ಊರನ್ನು ಕಾಯಬೇಕಾದವರು ಎರಡು ಪಂಕ್ತಿಗಳಲ್ಲಿ ನಿಂತರು.

ಈ ಎಣಿಕೆ ಎಷ್ಟು ಹುರುಳಿಲ್ಲದ್ದೆಂಬುದಕ್ಕೆ ಮೈಸೂರಿನ ಅಶ್ವದಳವೇ ಸಾಕ್ಷಿ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರದ ಅಶ್ವದಳದೊಡನೆ ಗೆದ್ದುಕೊಟ್ಟ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿಯೇ ಹೋರಾಡಿದರು.

ಸ್ವತಂತ್ರ ಭಾರತವು 1948ರ ಕಾಯಿದೆಯ ಮೂಲಕ ಪ್ರಾದೇಶಿಕ ಸೇನೆಯನ್ನು ಸ್ಥಾಪಿಸಿ, ಆ ಹಳೆಯ ಭೇದವನ್ನು ತೊಡೆದುಹಾಕಿತು. 1949ರ ಅಕ್ಟೋಬರ್ 9ರಂದು ರಾಜಾಜಿಯವರು ಅದನ್ನು ಉದ್ಘಾಟಿಸಿದರು. ತನ್ನ ವೃತ್ತಿಯನ್ನು ಬಿಡದೆ ವರ್ಷದಲ್ಲಿ ಕೆಲಕಾಲ ತರಬೇತಿ ಪಡೆದು, ಅಗತ್ಯ ಬಿದ್ದಾಗ ದೇಶಸೇವೆಗೆ ಹೊರಡುವ ಪೌರನೇ ಅದರ ಯೋಧ. ಆದರೂ ಸ್ತ್ರೀಯರಿಗೆ ಅದರ ಬಾಗಿಲು ಬಹುಕಾಲ ಬಹುಮಟ್ಟಿಗೆ ಮುಚ್ಚಿಯೇ ಇದ್ದಿತು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ಅದು ತೆರೆಯಿತು.

ಪೂರ್ಣಾವಧಿಯ ಸೈನಿಕನು ದಂಡಿನ ಪಾಳೆಯದಲ್ಲಿ ಬಾಳುತ್ತಾನೆ. ಮೀಸಲು ಯೋಧನಾದರೋ ನಮ್ಮ ನಡುವೆಯೇ ಇರುತ್ತಾನೆ. ಕವಾಯತು ಮುಗಿಸಿ ಬಂದವನು ಮರುದಿನ ಗದ್ದೆಗೋ ಕಚೇರಿಗೋ ಹೋಗುತ್ತಾನೆ. ಆದುದರಿಂದ ಅವನ ಪಡೆಯಲ್ಲಿ ಯಾವ ಕೇರಿಯವರು ಇಲ್ಲವೋ ಆ ಕೇರಿಗೆ ಅದು ಪರರ ಪಡೆಯಾಗಿಯೇ ಕಾಣುತ್ತದೆ. ಪ್ರವಾಹ, ಗಲಭೆಗಳ ಕಾಲದಲ್ಲಿ ಜನರ ವಿಶ್ವಾಸವಿಲ್ಲದ ಪಡೆಯಿಂದ ಏನು ಪ್ರಯೋಜನ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಈ ಸೀಮೆಯಲ್ಲಿ ಒಕ್ಕಲುಮಕ್ಕಳೂ ಕಾಡಿನಂಚಿನ ಹಾಡಿಗಳ ಜೇನುಕುರುಬರೂ ಬೈಲಕುಪ್ಪೆಯ ಟಿಬೆಟನ್ನರೂ ನೆರೆಹೊರೆಯವರು. 1962ರ ನವೆಂಬರಿನಲ್ಲಿ ರಚಿತವಾದ ವಿಶೇಷ ಗಡಿ ಪಡೆಯು ಮೀಸಲು ಪಡೆಯಲ್ಲವಾದರೂ ಇಲ್ಲಿ ನೆನೆಯತಕ್ಕದ್ದು. ನೆಲೆ ಕಳೆದುಕೊಂಡು ಬಂದ ಟಿಬೆಟನ್ನರು ಅದರಲ್ಲಿ ಸೇರಿ, 1971ರ ಯುದ್ಧದಲ್ಲಿ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಆಶ್ರಯವಿತ್ತ ದೇಶಕ್ಕಾಗಿ ಪ್ರಾಣವನ್ನೂ ಕೊಟ್ಟರು.

ನಾಳಿನ ನಾಡಪಡೆಯ ಪಂಕ್ತಿ ಸಿದ್ಧವಾಗುವುದು ಇಂದಿನ ಶಾಲೆಗಳ ಎನ್.ಸಿ.ಸಿ. ಕವಾಯತಿನ ಮೈದಾನದಲ್ಲಿ. ಅಲ್ಲಿಗೆ ಹೆಸರು ಬರೆದುಕೊಳ್ಳುವ ಅಧ್ಯಾಪಕರು ಯಾರು ಮುಂದೆ ಬಂದರೆಂದು ನೋಡುವುದರ ಜೊತೆಗೆ ಯಾರು ಹಿಂದೆ ಉಳಿದರೆಂಬುದನ್ನೂ ವಿಚಾರಿಸಬೇಕು. ಹಾಡಿಯ ಹುಡುಗನು ಕವಾಯತಿಗೆ ಬಾರದಿರಲು ಧೈರ್ಯದ ಕೊರತೆ ಕಾರಣವಾಗಿರಲಿಕ್ಕಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವ ಬಗೆ ಅವನಿಗಿಲ್ಲದಿರಬಹುದು. ಹುಡುಗಿಯ ಮನೆಯವರಿಗೆ ಒಂದು ಮಾತಿನ ಭರವಸೆ ಬೇಕಾಗಿರಬಹುದು. ಆ ಮಾತನ್ನು ಅಧ್ಯಾಪಕರೂ, ಆ ಬಸ್ಸಿನ ಖರ್ಚನ್ನು ದಾನಿಗಳೂ, ಮಾರ್ಗದರ್ಶನವನ್ನು ಸೇನೆಯಲ್ಲಿರುವ ಹಳೆಯ ವಿದ್ಯಾರ್ಥಿಗಳೂ ವಹಿಸಿಕೊಂಡರೆ ಆ ಪಂಕ್ತಿಯಲ್ಲಿ ಇಡೀ ಸೀಮೆಯೇ ನಿಂತಂತಾಗುವುದು.